ಗುರುತಿಲ್ಲದ ಕಾಡು, ಒಂದು ಟರ್ಕಿ ಹುಂಜ: ಮಿಸ್ಸೌರಿಯಲ್ಲಿ ನನ್ನ ಬೇಟೆ

ಅಮೆರಿಕದ ಮಿಸ್ಸೌರಿ ರಾಜ್ಯದಲ್ಲಿ ವಸಂತದ ಟರ್ಕಿ ಕೋಳಿ ಬೇಟೆ ಏಪ್ರಿಲ್ ಮೂರನೇ ವಾರದ ಹೊತ್ತಿಗೆ ಶುರುವಾಗಿ ಮೂರು ವಾರ ನಡೆಯುತ್ತದೆ. ಹುಂಜವನ್ನು, ಇಲ್ಲವೇ ಎದೆಯ ಮೇಲೆ ಗಡ್ಡ, ಅಂದರೆ ಕೂದಲಿನಂಥ ಗರಿಗಳ ಗೊಂಚಲು, ಕಾಣುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಹೊಡೆಯಲು ಅವಕಾಶ. ಸರ್ಕಾರಿ ಜಾಗದಲ್ಲಾದರೆ ಮಧ್ಯಾಹ್ನ ಒಂದಕ್ಕೆ ಆಟ ಮುಗಿಯಿತು. ಮಧ್ಯಾಹ್ನ ಒಂದರ ಈ ಗಡಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಮೊದಲೆಲ್ಲ ಬೇಟೆಯಾಡುತ್ತಿದ್ದದ್ದು ಪರಿಚಯದ ರೈತರೊಬ್ಬರ ಹೊಲದಲ್ಲಿ. ಹಕ್ಕಿ ಯಾವ ಮರದಲ್ಲಿ ರಾತ್ರಿ ಕಳೆಯುತ್ತದೆ, ಬೆಳಿಗ್ಗೆ ಎಲ್ಲಿ ಇಳಿಯುತ್ತದೆ, ಎಲ್ಲ ಗೊತ್ತಿತ್ತು. ಅವರು ಹೊಲ ಮಾರಿದರು. ಹಾಗಾಗಿ ಈ ಸಲ ಸೇಂಟ್ ಲೂಯಿಸ್‌ನಿಂದ ದಕ್ಷಿಣಕ್ಕೆ ಹೊರಟೆ, ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯಕ್ಕೆ. ಸುಮಾರು 15 ಲಕ್ಷ ಎಕರೆ, 29 ಕೌಂಟಿಗಳಲ್ಲಿ ಚೂರು ಚೂರಾಗಿ ಹರಡಿದೆ. ನಾನು ಆರಿಸಿಕೊಂಡದ್ದು ಎಲೆವೆನ್ ಪಾಯಿಂಟ್ ನದಿಯ ಸುತ್ತಿನ ಗುಡ್ಡಗಳು. ಅಲ್ಲಿ ಒಂದು ಮರವೂ ನನಗೆ ಪರಿಚಯವಿರಲಿಲ್ಲ.

ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮನದು ಒಂದೇ ಚಿಂತೆ. "ಅಲ್ಲಿ ಫಾರೆಸ್ಟ್‌ನವರು ಹಿಡಿಯಲ್ವೇನೋ?" "ಇಲ್ಲಮ್ಮ, ಅವರೇ ಲೈಸೆನ್ಸ್ ಕೊಟ್ಟಿದ್ದಾರೆ." 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಂದರೆ ಕೇಸು ಅಂತಲೇ ಅರ್ಥ. ಇಲ್ಲಿ ಹಾಗಲ್ಲ. ಬಂದೂಕು, ತೋಟಾ ಕೊಂಡಾಗ ಕಟ್ಟುವ ತೆರಿಗೆಯೇ 1937ರ ಒಂದು ಕಾನೂನಿನ ಪ್ರಕಾರ ಕಾಡುಪ್ರಾಣಿಗಳ ಕೆಲಸಕ್ಕೆ ಹೋಗುತ್ತದೆ. ಲೈಸೆನ್ಸ್‌ಗೆ ಮುಂಚೆ ನಾನು ಸುರಕ್ಷತೆಯ ಪಾಠ ಮುಗಿಸಿ ಪರೀಕ್ಷೆಯನ್ನೂ ಬರೆದಿದ್ದೆ.

ಅರ್ಧ ಬೇಟೆ ಮನೆಯಲ್ಲಿ ನಕ್ಷೆ ನೋಡುವಾಗಲೇ ಆಗುತ್ತದೆ. ನಾನು ಹುಡುಕಿದ್ದು ಮೂರು ಸಂಗತಿ ಒಟ್ಟಿಗೆ ಸೇರುವ ಜಾಗ. ಗಾಡಿ ಹೋಗದಂತೆ ಗೇಟ್ ಹಾಕಿದ ಹಳೇ ರಸ್ತೆ, ಅದರಾಚೆ ಉದ್ದನೆಯ ಗುಡ್ಡದ ನೆತ್ತಿ, ಹತ್ತಿರದಲ್ಲಿ ಅರಣ್ಯ ಇಲಾಖೆ ಬೇಕೆಂದೇ ಬೆಂಕಿ ಹಾಕಿ ಸುಟ್ಟ ಇಳಿಜಾರು. ಸುಟ್ಟ ನೆಲದಲ್ಲಿ ಹೊಸ ಚಿಗುರು ಬೇಗ ಬರುತ್ತದೆ, ಹುಳು ಹುಪ್ಪಟೆ ಸಿಗುತ್ತವೆ, ಹಕ್ಕಿಗೆ ದೂರದವರೆಗೂ ಕಾಣುತ್ತದೆ. ಟರ್ಕಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಗೇಟ್ ಇದ್ದರೆ ಜನ ನಡೆಯಬೇಕು, ಬಹಳ ಮಂದಿ ನಡೆಯುವುದಿಲ್ಲ. ಇಂಥ ಜಾಗಗಳನ್ನು ಒಂದಲ್ಲ, ನಾಲ್ಕೈದು ಗುರುತು ಮಾಡಿಕೊಂಡೆ. ಅಲ್ಲಿ ಸಿಗ್ನಲ್ ಸಿಗುವುದೇ ಕಷ್ಟ, ಹಾಗಾಗಿ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡೆ. ಕಾಡಿನ ನಡುನಡುವೆ ಖಾಸಗಿ ಜಮೀನೂ ಇರುತ್ತದೆ. ಮಿಸ್ಸೌರಿಯಲ್ಲಿ ಮರಕ್ಕೆ ನೇರಳೆ ಬಣ್ಣ ಬಳಿದಿದ್ದರೆ 'ಒಳಗೆ ಬರಬೇಡಿ' ಎಂದು ಬೋರ್ಡ್ ಹಾಕಿದಷ್ಟೇ ಲೆಕ್ಕ.

ಹಿಂದಿನ ದಿನ ಸಂಜೆ ಸುಮ್ನೆ ನಡೆದು ನೋಡಿದೆ. ತರಗೆಲೆಯನ್ನು ಕೆದರಿ ನೆಲ ಕಾಣಿಸಿದ್ದರೆ ಹಕ್ಕಿ ಮೇಯ್ದಿದೆ. ಹಿಕ್ಕೆ ಕೊಕ್ಕೆಯ ಹಾಗೆ ಬಾಗಿದ್ದರೆ ಹುಂಜ, ಉಂಡೆಯಾಗಿದ್ದರೆ ಹೇಂಟೆ. ಕತ್ತಲಾಗುವ ಹೊತ್ತಿಗೆ ಗೂಬೆಯ ಕೂಗು ಹೊರಡಿಸುವ ಪೀಪಿ ಊದಿದೆ. ಜೋರು ಸದ್ದು ಕೇಳಿದರೆ ಹುಂಜ ತಡೆಯಲಾರದೆ ಮರದ ಮೇಲಿಂದಲೇ ಗುಳುಗುಳು ಎಂದುಬಿಡುತ್ತದೆ. ಎರಡನೇ ಗುಡ್ಡದಿಂದ ಉತ್ತರ ಬಂತು.

ಬೆಳಿಗ್ಗೆ ಆ ಗೇಟಿನ ಮುಂದೆ ಆಗಲೇ ಎರಡು ಪಿಕಪ್ ನಿಂತಿದ್ದವು. ನನ್ನ ನಿಯಮ ಸರಳ: ಗಾಡಿ ಇದ್ದರೆ ಮುಂದೆ ಹೋಗು. ಒಂದೇ ಹುಂಜದ ಸುತ್ತ ಮೂವರು ಮರೆವೇಷದಲ್ಲಿ ಕೂತು ಹೇಂಟೆಯ ದನಿ ತೆಗೆಯುವುದು ಮೂರ್ಖತನ ಮಾತ್ರ ಅಲ್ಲ, ಅಪಾಯ. ಇದೇ ಕಾರಣಕ್ಕೆ ಸರ್ಕಾರಿ ಕಾಡಿನಲ್ಲಿ ನಾನು ಹುಂಜದ ಕೂಗು ಹಾಕುವುದಿಲ್ಲ, ಟರ್ಕಿಯ ಪ್ಲಾಸ್ಟಿಕ್ ಬೊಂಬೆ ಇಡುವುದಿಲ್ಲ. ಕೆಂಪು, ಬಿಳಿ, ನೀಲಿ ಬಟ್ಟೆ ತೊಡುವುದಿಲ್ಲ, ಹುಂಜದ ತಲೆಯ ಬಣ್ಣ ಅದೇ ಅಲ್ವಾ. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ. ಯಾರಾದರೂ ಹತ್ತಿರ ಬಂದರೆ ಕೈ ಬೀಸುವುದಿಲ್ಲ, ಬಾಯಿ ಬಿಟ್ಟು ಮಾತಾಡುತ್ತೇನೆ.

ಮುಂದಿನ ಗೇಟ್ ಖಾಲಿ ಇತ್ತು. ಬೆಳಕು ಹರಿಯುವಾಗ ಹಳ್ಳದಾಚೆ ಒಂದು ಹುಂಜ ಕೂಗಿದ್ದೇ ಕೂಗಿದ್ದು. ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೇಂಟೆಯ ದನಿ ತೆಗೆದೆ. ಪ್ರತಿ ಸಲವೂ ಉತ್ತರ ಬಂತು, ಹಕ್ಕಿ ಮಾತ್ರ ಬರಲಿಲ್ಲ. ಹಳ್ಳ, ಬೇಲಿ, ಕೊರಕಲು ಅಡ್ಡ ಬಂದರೆ ಟರ್ಕಿ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಸಹಜವಾಗಿ ಹೇಂಟೆಯೇ ಹುಂಜದ ಬಳಿಗೆ ಹೋಗುವುದು, ನಾವು ಆ ಪದ್ಧತಿಯನ್ನೇ ತಲೆಕೆಳಗು ಮಾಡಲು ಕೂತಿರುತ್ತೇವೆ. ಅಷ್ಟರಲ್ಲಿ ನಿಜವಾದ ಹೇಂಟೆಗಳು ಮರದಿಂದ ಇಳಿದವು. ನನ್ನ ಸ್ಲೇಟು ಅವುಗಳ ಮುಂದೆ ಎಷ್ಟರದ್ದು! ಮೆರವಣಿಗೆ ಹೊರಟ ಹಾಗೆ ಎಲ್ಲ ಸೇರಿ ಗುಡ್ಡದಾಚೆ ಹೋದವು. ಅಲ್ಲಿ ನೇರಳೆ ಬಣ್ಣದ ಮರಗಳಿದ್ದವು.

ಮರುದಿನ ಮಳೆ, ಮೇಲೆ ಗಾಳಿ. ಗಾಳಿಯಲ್ಲಿ ನಮಗೂ ಕೇಳಿಸುವುದಿಲ್ಲ, ಹಕ್ಕಿಗೂ ಕೇಳಿಸುವುದಿಲ್ಲ. ಮಳೆಗಿಂತ ಜಾಸ್ತಿ ಕಾಟ ಕೊಟ್ಟದ್ದು ಉಣುಗು. ಮಲೆನಾಡಿನ ಉಣುಗು ಕಂಡವನು ನಾನು, ಆದರೂ ಇವಕ್ಕೆ ಹೆದರುತ್ತೇನೆ. ಲೋನ್ ಸ್ಟಾರ್ ಎಂಬ ಜಾತಿ ಕಚ್ಚಿದರೆ ಕೆಲವರಿಗೆ ಕುರಿ, ಹಂದಿ, ದನದ ಮಾಂಸದ ಅಲರ್ಜಿ ಹತ್ತಿಕೊಳ್ಳುತ್ತದೆ. ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಮೊದಲೇ ಒಣಗಿಸಿಕೊಂಡಿದ್ದೆ, ಪ್ಯಾಂಟನ್ನು ಸಾಕ್ಸಿನ ಒಳಗೆ ಸಿಕ್ಕಿಸಿದ್ದೆ. ಆದರೂ ರಾತ್ರಿ ಟೆಂಟಿನಲ್ಲಿ ಟಾರ್ಚ್ ಹಾಕಿ ಹುಡುಕುವ ಕೆಲಸ ತಪ್ಪಲಿಲ್ಲ.

ಸರ್ಕಾರಿ ಕಾಡಿನಲ್ಲಿ ನಿಜವಾದ ಬೇಟೆ ಒಂಬತ್ತರ ಮೇಲೆ ಎನ್ನುವುದು ನನ್ನ ಅಭಿಪ್ರಾಯ. ಮುಂಜಾನೆ ಹುಂಜದ ಜೊತೆ ಹೇಂಟೆಗಳಿರುತ್ತವೆ, ಕಾಡಿನ ತುಂಬ ಬೇಟೆಗಾರರಿರುತ್ತಾರೆ. ಎಂಟೂವರೆ ಹೊತ್ತಿಗೆ ಬಹಳ ಜನ ಕಾಫಿ ಕುಡಿಯಲು ಹೊರಟುಬಿಡುತ್ತಾರೆ. ಹೇಂಟೆಗಳು ಮೊಟ್ಟೆ ಇಡಲು ಗೂಡಿನತ್ತ ಸರಿಯುತ್ತವೆ. ಆಗ ಹುಂಜ ಒಂಟಿ. ಒಂಬತ್ತರಿಂದ ಒಂದರವರೆಗಿನ ಈ ಹೊತ್ತಿಗಾಗಿ ನಾನು ಬೆಳಗಿನ ಆಸೆ ಬಿಟ್ಟು ಕಾಲಿನ ಶಕ್ತಿ ಉಳಿಸಿಕೊಂಡೆ.

ಮಳೆ ಬಿಟ್ಟ ಮಾರನೇ ದಿನ ಸುಟ್ಟ ಇಳಿಜಾರಿನ ಅಂಚಿಗೆ ನಿಧಾನವಾಗಿ ನಡೆದೆ. ಡಾಗ್‌ವುಡ್ ಮರ ಬೆಳ್ಳಗೆ ಅರಳಿತ್ತು. ಹಳೇ ಜಾಡಿನಲ್ಲಿ ಮೂರು ಬೆರಳಿನ ಹಸಿ ಹೆಜ್ಜೆ, ಪಕ್ಕದಲ್ಲಿ ರೆಕ್ಕೆ ಎಳೆದ ಗೀರು. ಅಂದರೆ ಹುಂಜ ಬಾಲ ಬಿಚ್ಚಿ ಇಲ್ಲೇ ಕುಣಿದಿದೆ. ದಪ್ಪನೆಯ ಪೈನ್ ಮರಕ್ಕೆ ಒರಗಿದೆ. ಸ್ಲೇಟಿನಲ್ಲಿ ಮೆಲ್ಲಗೆ ನಾಲ್ಕು ದನಿ, ಆಮೇಲೆ ಕೈಯಿಂದ ತರಗೆಲೆ ಕೆದರಿದ ಸದ್ದು, ಅಷ್ಟೆ. ದೂರದಲ್ಲಿ ಒಂದೇ ಒಂದು ಗುಳುಗುಳು. ಸ್ಲೇಟು ಕೆಳಗಿಟ್ಟೆ. ಜನರ ಕರೆ ಕೇಳಿ ಕೇಳಿ ಬೇಸತ್ತ ಹುಂಜ ಜಾಸ್ತಿ ಕರೆದಷ್ಟೂ ಅನುಮಾನ ಪಡುತ್ತದೆ. ಕಾಣದ ಹೇಂಟೆ ಸುಮ್ಮನಾದರೆ ಹುಡುಕಿಕೊಂಡು ಬರುತ್ತದೆ.

ಈ ಗುಡ್ಡಗಳಲ್ಲಿ ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1950ರ ದಶಕದಲ್ಲಿ, ಇಲ್ಲಿಂದ ಬಹಳ ದೂರವಲ್ಲದ ಪೆಕ್ ರಾಂಚ್ ಎಂಬ ಸಂರಕ್ಷಿತ ಪ್ರದೇಶದಲ್ಲಿ ಬಲೆ ಹಾಕಿ ಹಿಡಿದ ಹಕ್ಕಿಗಳನ್ನು ರಾಜ್ಯದ ಬೇರೆ ಕಡೆಗಳಲ್ಲಿ ಬಿಡಲು ಶುರು ಮಾಡಿದರು. 1960ರಲ್ಲಿ ಮತ್ತೆ ಬೇಟೆ ತೆರೆದಾಗ ಸಿಕ್ಕಿದ್ದು ಮೂರೇ ದಿನ, ಹೊಡೆದದ್ದು 94 ಹಕ್ಕಿ. ಕಾಯುತ್ತಾ ಕೂತಾಗ ಇಂಥವೆಲ್ಲ ನೆನಪಾಗುತ್ತವೆ, ಇಲ್ಲದಿದ್ದರೆ ನಿದ್ದೆ ಬರುತ್ತದೆ.

ಮುಕ್ಕಾಲು ಗಂಟೆ ಏನೂ ಇಲ್ಲ. ಆಮೇಲೆ ಒಂದು ಗುಂಯ್ ಸದ್ದು, ಕಿವಿಗಿಂತ ಎದೆಗೆ ಕೇಳಿಸುವಂಥದ್ದು. ಹುಂಜ ಗರಿ ಉಬ್ಬಿಸಿ ಹೊರಡಿಸುವ ಸದ್ದು ಅದು. ಬಂದೂಕು ಆಗಲೇ ಮೊಣಕಾಲ ಮೇಲಿತ್ತು, ಇಲ್ಲದಿದ್ದರೆ ಎತ್ತಲು ಆಗುತ್ತಿರಲಿಲ್ಲ. ಟರ್ಕಿಯ ಕಣ್ಣಿಗೆ ಬೆರಳು ಅಲುಗಿದರೂ ಕಾಣುತ್ತದೆ. ಏರಿನಲ್ಲಿ ಕೆಂಪು ತಲೆ, ಕೆಳಗೆ ಗಡ್ಡ. ಮೂವತ್ತು ಗಜ ಇರಬಹುದು. ಬಾಯಲ್ಲೇ ಒಮ್ಮೆ 'ಟಕ್' ಅಂದೆ. ಕತ್ತು ನೇರವಾಯಿತು. ಇಪ್ಪತ್ತು ಗೇಜಿನ ಬಂದೂಕು, ಒಂಬತ್ತನೇ ನಂಬರಿನ, ಅಂದರೆ ಬಹಳ ಸಣ್ಣ, ಟಂಗ್‌ಸ್ಟನ್ ಚರೆ. ನಲವತ್ತು ಗಜದೊಳಗೆ ಚರೆ ಹೇಗೆ ಹರಡುತ್ತದೆ ಎಂದು ಮೊದಲೇ ಕಾಗದಕ್ಕೆ ಹೊಡೆದು ನೋಡಿದ್ದೆ. ಗುರಿ ಕತ್ತಿನ ಬುಡಕ್ಕೆ. ಬಿದ್ದಲ್ಲೇ ಮುಗಿಯಿತು. ಗಂಟೆ ಹನ್ನೊಂದೂ ಮುಕ್ಕಾಲು.

ಕಾಲಿನ ಮುಳ್ಳು ಮುಕ್ಕಾಲು ಇಂಚು, ಅಂದರೆ ಸುಮಾರು ಎರಡು ವರ್ಷದ ಹುಂಜ. ಹಕ್ಕಿಯನ್ನು ಕಿತ್ತಳೆ ಬಟ್ಟೆಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡೆ. ಬಾಲ ತೂಗಾಡಿಸುತ್ತಾ ಪೊದೆಗಳ ನಡುವೆ ನಡೆದರೆ ಬೇರೆಯವರ ಗುರಿ ನಾವೇ ಆಗುತ್ತೇವೆ. ಅದೇ ದಿನ ರಾತ್ರಿ ಹತ್ತರೊಳಗೆ ರಾಜ್ಯಕ್ಕೆ ವರದಿ ಮಾಡಬೇಕು. ಸಿಗ್ನಲ್ ಸಿಕ್ಕಿದ ಮೊದಲ ಪೆಟ್ರೋಲ್ ಬಂಕಿನಲ್ಲಿ ಅದನ್ನು ಮುಗಿಸಿದೆ.

ಇಲ್ಲಿನ ಬೇಟೆಗಾರರಲ್ಲಿ ಬಹಳ ಮಂದಿಗೆ ಎದೆ ಮಾಂಸ ಇಷ್ಟ, ಕಾಲು ಬೇಡ. ನರ ಕಡ್ಡಿಯ ಹಾಗೆ ಗಟ್ಟಿ ಅನ್ನುತ್ತಾರೆ. ನಿಜ, ಆದರೆ ಅವರ ಹತ್ತಿರ ನಮ್ಮ ಕುಕ್ಕರ್ ಇಲ್ಲವಲ್ಲ. ಎದೆಯನ್ನು ತೆಳ್ಳಗೆ ಕೊಯ್ದು ಮೆಣಸು ಹಾಕಿ ಹುರಿದೆವು. ಕಾಲುಗಳನ್ನು ಅರಿಶಿನ, ಉಪ್ಪು ಹಾಕಿ ಮೂಳೆ ಬಿಡುವ ತನಕ ಬೇಯಿಸಿ, ನರ ಎಳೆದು ತೆಗೆದು, ಮಸಾಲೆ ರುಬ್ಬಿ ಸಾರು ಮಾಡಿದೆವು. ಮುದ್ದೆಗೆ ಎದೆ ಮಾಂಸಕ್ಕಿಂತ ಇದೇ ಚೆನ್ನ.