ಕೊಲಾಜನ್ ಡಬ್ಬಿ ಬಿಚ್ಚುವ ಮೊದಲು ಬೇಳೆ ತೂಗಿ

ಹಿಂದೆಲ್ಲ ಗಲ್ಫಿನಿಂದ ಯಾರಾದರೂ ಬಂದರೆ ಪೆಟ್ಟಿಗೆಯಲ್ಲಿ ತಲೆನೋವಿನ ಎಣ್ಣೆ, ಹಾಲಿನ ಪುಡಿ, ಸೆಂಟು ಇರುತ್ತಿತ್ತು. ಈಗ ಕೊಲಾಜನ್ ಡಬ್ಬಿಯೂ ಇರುತ್ತದೆ. ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಗೆ ಅದು ಬಂದದ್ದು ಹಾಗೆಯೇ. ಅತ್ತಿಗೆಯ ಮಗಳು ತಂದಳು. "ಅಮ್ಮನ ಮೊಣಕಾಲಿಗೂ ಆಯ್ತು, ಮುಖಕ್ಕೂ ಆಯ್ತು" ಎಂದಳು. ಅತ್ತಿಗೆ ಎರಡು ವಾರ ದಿನಾ ಬೆಳಿಗ್ಗೆ ಕಾಫಿಗೆ ಒಂದು ಚಮಚ ಹಾಕಿ ಕುಡಿದರು. ಮೂರನೇ ವಾರ ನಾನು ಕನ್ನಡಕ ಏರಿಸಿಕೊಂಡು ಡಬ್ಬಿಯ ಹಿಂಬದಿ ಓದಿದೆ. ಮೀನಿನ ಚರ್ಮದ ಪುಡಿ. ಕುಂಬಳೆ ಪೇಟೆಗೆ ಹೋದರೆ ಮೀನು ಮಾರ್ಕೆಟಿನ ಬದಿಗೇ ತಿರುಗದವರು ನಮ್ಮತ್ತಿಗೆ.

ಅವರೊಬ್ಬರೇ ಅಲ್ಲ. ಈ ಡಬ್ಬಿಗೆ ದುಡ್ಡು ಸುರಿದು, ರಾತ್ರಿ ಗಂಜಿ ಉಪ್ಪಿನಕಾಯಿ ಉಂಡು ಮಲಗುವವರನ್ನು ನಾನು ಸುಮಾರು ನೋಡಿದ್ದೇನೆ. ಅದಕ್ಕೇ ಈ ಲೇಖನ. ಬೇಕಾದ್ದು ಇಷ್ಟೆ: ಒಂದು ಅಡುಗೆ ತಕ್ಕಡಿ, ಒಂದು ಹಳೆ ನೋಟ್‌ಬುಕ್, ಮೂರು ದಿನ.

ಮೊದಲು ಎರಡು ಮಾತು. ಕೊಲಾಜನ್ ಅಂದರೆ ಒಂದು ಪ್ರೋಟೀನ್. ನಮ್ಮ ಮೈಯ ಒಟ್ಟು ಪ್ರೋಟೀನಿನಲ್ಲಿ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಇದೇ. ಚರ್ಮ, ಮೂಳೆ, ಸ್ನಾಯುವಿನ ಹಗ್ಗ, ಕೀಲಿನ ಮೆದು ಮೂಳೆ ಎಲ್ಲದರಲ್ಲೂ ಇದೆ. ಪ್ರಾಯ ಮೂವತ್ತರ ಹತ್ತಿರ ಬಂದಾಗಿನಿಂದ ಮೆಲ್ಲ ಕಡಿಮೆಯಾಗುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜನ್ ಸುಮಾರು ಶೇ. 30ರಷ್ಟು ಇಳಿಯುತ್ತದೆ. ಅಂಗಡಿಯವರು ಹೇಳುವ ಇಷ್ಟು ಮಾತು ಸರಿಯೇ. ಆದರೆ ತಿಂದ ಕೊಲಾಜನ್ ನೇರ ಕೆನ್ನೆಗೆ ಹೋಗಿ ಕೂರುವುದಿಲ್ಲ. ಹೊಟ್ಟೆ ಅದನ್ನು ಬೇಳೆ, ಮೊಟ್ಟೆಯ ಹಾಗೆಯೇ ಚೂರುಚೂರು ಮಾಡುತ್ತದೆ. ಆ ಚೂರುಗಳಿಂದ ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು ಅನ್ನುವುದು ಮೈಗೆ ಬಿಟ್ಟದ್ದು.

ಹೆಜ್ಜೆ 1: ಡಬ್ಬಿ ತಿರುಗಿಸಿ

ಮುಂಬದಿಯ ಹೊಳೆಯುವ ಮುಖ ನೋಡಬೇಡಿ, ಹಿಂಬದಿ ಓದಿ. "ಮೆರೈನ್" ಅಂದರೆ ಮೀನಿನ ಚರ್ಮ, ಹುರುಪೆ. "ಬೋವೈನ್" ಅಂದರೆ ದನದ್ದು. "ಪೋರ್ಸೈನ್" ಅಂದರೆ ಹಂದಿಯದು. ಇಲ್ಲಿ ಮಾರುವ ಡಬ್ಬಿಯಾದರೆ ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ತ್ರಿಕೋನ ಇರಲೇಬೇಕು. ಸೂಟ್‌ಕೇಸಿನಲ್ಲಿ ಬಂದ ಡಬ್ಬಿಗೆ ಆ ಗುರುತು ಇರುವುದಿಲ್ಲ. ಅತ್ತಿಗೆ ಎಡವಿದ್ದೇ ಅಲ್ಲಿ.

"ವೆಜ್ ಕೊಲಾಜನ್" ಎಂದು ಬರೆದದ್ದನ್ನು ಮಾತ್ರ ಕೊಳ್ಳಲೇಬೇಡಿ. ಗಿಡದಲ್ಲಿ ಕೊಲಾಜನ್ ಇರುವುದೇ ಇಲ್ಲ. ಡಬ್ಬಿಯೊಳಗೆ ಇರುವುದು ವಿಟಮಿನ್ ಸಿ, ಒಂದಿಷ್ಟು ಸೊಪ್ಪಿನ ಸಾರ, ಬಯೋಟಿನ್ ಎಂಬ ಬಿ ವಿಟಮಿನ್, ಇಂಥವು. ಚೈನಾ ಗ್ರಾಸ್ ಹಾಕಿದ ಜೆಲ್ಲಿ ತಿಂದರೂ ಕೊಲಾಜನ್ ಸಿಗುತ್ತದೆ ಎಂದು ಒಬ್ಬರು ನನ್ನ ಹತ್ತಿರ ವಾದ ಮಾಡಿದ್ದರು. ಅದು ಕಡಲ ಪಾಚಿಯ ಹಿಟ್ಟಿನಂಶ, ಪ್ರೋಟೀನೇ ಅಲ್ಲ. ಇನ್ನು ಕೊಲಾಜನ್ ಕ್ರೀಮು: ಆ ಅಣು ಚರ್ಮದ ಒಳಗೆ ಇಳಿಯುವಷ್ಟು ಸಣ್ಣದಲ್ಲ. ಮೇಲೆ ಸ್ವಲ್ಪ ಪಸೆ ಹಿಡಿದಿಡುತ್ತದೆ. ಆ ಕೆಲಸಕ್ಕೆ ನನಗೆ ತೆಂಗಿನೆಣ್ಣೆ ಸಾಕು.

ಹೆಜ್ಜೆ 2: ಮೂರು ದಿನ ತಿಂದದ್ದನ್ನೆಲ್ಲ ಬರೆಯಿರಿ. ಮದುವೆ, ಪೂಜೆ ಇಲ್ಲದ ದಿನ ನೋಡಿ.

ಹೆಜ್ಜೆ 3: ಪ್ರೋಟೀನ್ ಲೆಕ್ಕ

ಎಲ್ಲರೂ ಸೋಲುವುದು ಇಲ್ಲಿಯೇ. ಹಾಗಾಗಿ ನಿಧಾನ.

ಎಷ್ಟು ಬೇಕು? ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2020ರ ಲೆಕ್ಕದ ಪ್ರಕಾರ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಅತ್ತಿಗೆ 55 ಕಿಲೋ. ಅಂದರೆ 46 ಗ್ರಾಂ. "ನಾವು ದಿನಾ ಬೇಳೆ ಹಾಕ್ತೇವಲ್ವಾ, ಬೇಕಾದಷ್ಟು ಆಗ್ತದೆ" ಎಂದರು ಅವರು. ಎಲ್ಲರೂ ಹೀಗೇ ಹೇಳುತ್ತಾರೆ. ಮೊಬೈಲಿನಲ್ಲಿ ನೋಡಿದರೆ ತೊಗರಿ ಬೇಳೆಯಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್ ಎಂದಿರುತ್ತದೆ. ತಟ್ಟೆಯಲ್ಲಿ ಒಂದು ಬಟ್ಟಲು ಸಾಂಬಾರು ಇದೆ, ತೂಗಿದರೆ 200 ಗ್ರಾಂ. ಹಾಗಾದರೆ 44 ಗ್ರಾಂ, ಅಲ್ಲಿಗೆ ಮುಗಿಯಿತು ಅಂತ ಲೆಕ್ಕ. ಆದರೆ ಆ 22 ಗ್ರಾಂ ಹಸಿ ಬೇಳೆಯದ್ದು. ಬಟ್ಟಲಲ್ಲಿ ಇರುವುದು ನೀರು, ಸೌತೆಕಾಯಿ, ಕೊಬ್ಬರಿ ಅರಪ್ಪು, ಅದರ ನಡುವೆ ಎಲ್ಲೋ ಬೇಳೆ.

ಹಾಗಾಗಿ ತೂಗಬೇಕಾದ್ದು ಕುಕ್ಕರಿಗೆ ಹಾಕುವ ಮೊದಲು. ನಾನು ಅತ್ತಿಗೆಯ ಅಡುಗೆಮನೆಯಲ್ಲೇ ತೂಗಿದೆ. ಐದು ಜನಕ್ಕೆ ಅವರು ಹಾಕಿದ ಬೇಳೆ ಒಂದು ಸಣ್ಣ ಲೋಟದ ಅರ್ಧ, 60 ಗ್ರಾಂ. ಎರಡು ಹೊತ್ತಿಗೂ ಸೇರಿ ಅಷ್ಟೇ. ಒಬ್ಬರ ಪಾಲಿಗೆ 12 ಗ್ರಾಂ ಬೇಳೆ, ಅದರಲ್ಲಿ ಪ್ರೋಟೀನ್ ಎರಡೂವರೆ ಗ್ರಾಂ. ಅದೂ ಸರಿಯಾಗಿ ಹಂಚಿ ಹೋದರೆ. ಬಡಿಸುವಾಗ ನೋಡಿ: ಮೊದಲು ಕೂತವರಿಗೆ ಸೌಟು ಮೇಲಿನಿಂದ ತೆಗೆಯುತ್ತದೆ, ಬರೀ ತಿಳಿ. ಬೇಳೆ ಅಡಿಯಲ್ಲಿ ಕೂತಿರುತ್ತದೆ. ಕೊನೆಗೆ ಅದು ಹೋಗುವುದು ಹಟ್ಟಿಯ ಬಾನಿಗೆ. ನಮ್ಮ ಊರಿನಲ್ಲಿ ದನಗಳಿಗೆ ಪ್ರೋಟೀನ್ ಕಮ್ಮಿಯಾಗುವುದಿಲ್ಲ.

ಉಳಿದದ್ದನ್ನೂ ಕೂಡಿಸಿದೆವು. ಬೆಳಿಗ್ಗೆ ನೀರುದೋಸೆ ಚಟ್ನಿ, 5 ಗ್ರಾಂ. ಎರಡು ಸಲದ ಕಾಫಿಯ ಹಾಲು, 3. ಮಧ್ಯಾಹ್ನ 100 ಗ್ರಾಂ ಕುಚ್ಚಲಕ್ಕಿಯ ಅನ್ನ, 8. ಸಾಂಬಾರಿನ ಆ ಎರಡೂವರೆ. ನೀರು ಮಜ್ಜಿಗೆ, 2. ಸಂಜೆ ಚಕ್ಕುಲಿ, 2. ರಾತ್ರಿ ಗಂಜಿಯಲ್ಲಿ 5. ಒಟ್ಟು 27 ಚಿಲ್ಲರೆ. ಬೇಕಾದ್ದು 46. ಅತ್ತಿಗೆ ತಕ್ಕಡಿಯನ್ನೇ ಸಂಶಯದಿಂದ ನೋಡಿದರು. ಒಂದು ರೂಪಾಯಿ ನಾಣ್ಯ ಇಟ್ಟು ಪರೀಕ್ಷೆಯೂ ಮಾಡಿದರು.

ಈಗ ಡಬ್ಬಿಯ ಲೆಕ್ಕ ಹಾಕಿ. ಒಂದು ಚಮಚ 10 ಗ್ರಾಂ, ಅದರಲ್ಲಿ ಪ್ರೋಟೀನ್ ಸುಮಾರು 9. ಕೊರತೆ ಇರುವುದು 19. ಮತ್ತೊಂದು ಸಂಗತಿ: ಕೊಲಾಜನ್ ಪೂರ್ತಿ ಪ್ರೋಟೀನ್ ಅಲ್ಲ. ಟ್ರಿಪ್ಟೊಫಾನ್ ಎಂಬ ಅಗತ್ಯದ ಅಮೈನೋ ಆಮ್ಲ, ಅಂದರೆ ಮೈ ತಾನೇ ಮಾಡಿಕೊಳ್ಳಲಾಗದ ಪ್ರೋಟೀನಿನ ಚೂರು, ಅದರಲ್ಲಿ ಇಲ್ಲವೇ ಇಲ್ಲ. ಅದರಲ್ಲಿ ರಾಶಿಯಿರುವ ಗ್ಲೈಸಿನ್, ಪ್ರೋಲಿನ್ ಎರಡನ್ನೂ ಮೈ ತಾನೇ ಮಾಡಿಕೊಳ್ಳಬಲ್ಲದು. ಇರುವ ಸಾಮಾನನ್ನೇ ಮತ್ತೆ ತಂದು, ಇಲ್ಲದ್ದನ್ನು ಅಂಗಡಿಯಲ್ಲೇ ಬಿಟ್ಟು ಬಂದ ಹಾಗೆ.

ಕೊರತೆ ತುಂಬುವುದು ಕಷ್ಟವಲ್ಲ. ಒಂದು ಹಿಡಿ ನೆಲಗಡಲೆ, 30 ಗ್ರಾಂ ಅಂದರೆ 7 ಗ್ರಾಂ ಪ್ರೋಟೀನ್. 40 ಗ್ರಾಂ ಹೆಸರುಕಾಳು ಮೊಳಕೆ ಬರಿಸಿ ಉಸಲಿ ಮಾಡಿದರೆ 9. ಒಂದು ಲೋಟ ಹಾಲು 6. ಅಲ್ಲಿಗೆ 22 ಆಯಿತು, ಡಬ್ಬಿ ಮುಟ್ಟದೆ. ನನ್ನನ್ನು ಕೇಳಿದರೆ ಹುರುಳಿಯೇ ಮೇಲು. ಆದರೆ ಹುರುಳಿ ಸಾರು ಎಂದು ಬೇಯಿಸಿದ ನೀರನ್ನು ಮಾತ್ರ ಕುಡಿದು ಕಾಳನ್ನು ಹಟ್ಟಿಗೆ ಹಾಕುವವರಿದ್ದಾರೆ. ದಯವಿಟ್ಟು ಕಾಳು ತಿನ್ನಿ. ಅಕ್ಕಿಯಲ್ಲಿ ಲೈಸಿನ್ ಎಂಬ ಇನ್ನೊಂದು ಅಗತ್ಯದ ಅಮೈನೋ ಆಮ್ಲ ಕಮ್ಮಿ, ಕಾಳಿನಲ್ಲಿ ಅದು ಜಾಸ್ತಿ. ಎರಡೂ ತಟ್ಟೆಯಲ್ಲಿದ್ದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ.

ಮೀನು ತಿನ್ನುವವರಿಗೆ ಈ ಹೆಜ್ಜೆ ಸಲೀಸು. ನಾಲ್ಕು ಬೂತಾಯಿ ತಿಂದರೆ ಹತ್ತಿರಹತ್ತಿರ 18 ಗ್ರಾಂ. ಚರ್ಮ ಸುಲಿಯದೆ ತಿನ್ನಿ, ಡಬ್ಬಿಯವರು ಪುಡಿ ಮಾಡುವುದು ಅದನ್ನೇ. ಮೊಟ್ಟೆ ಒಂದಕ್ಕೆ 6 ಗ್ರಾಂ. ತೆಂಗಿನಕಾಯಿಯನ್ನು ಮಾತ್ರ ಪ್ರೋಟೀನ್ ಲೆಕ್ಕಕ್ಕೆ ಹಿಡಿಯಬೇಡಿ. ಕಾಸರಗೋಡಿನವರಿಗೆ ಈ ಮಾತು ಬೇಸರ ತರುತ್ತದೆ ಎಂದು ಗೊತ್ತು. ಆದರೂ ಹಸಿ ಕಾಯಿಯಲ್ಲಿ ಇರುವುದು ಹೆಚ್ಚಾಗಿ ಕೊಬ್ಬು.

ಹೆಜ್ಜೆ 4: ವಿಟಮಿನ್ ಸಿ

ಪ್ರೋಟೀನ್ ಇದ್ದರೆ ಸಾಲದು. ಕೊಲಾಜನ್ನಿನ ಮೂರು ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳಬೇಕಾದರೆ ವಿಟಮಿನ್ ಸಿ ಬೇಕೇಬೇಕು. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರ ವಸಡಿನಲ್ಲಿ ರಕ್ತ ಬರುತ್ತಿದ್ದುದು, ಹಳೆಯ ಗಾಯ ಮತ್ತೆ ಬಿಚ್ಚಿಕೊಳ್ಳುತ್ತಿದ್ದುದು ಇದರ ಕೊರತೆಯಿಂದಲೇ. ದಿನಕ್ಕೆ ಹೆಂಗಸರಿಗೆ 65 ಮಿಲಿಗ್ರಾಂ, ಗಂಡಸರಿಗೆ 80 ಬೇಕು.

"ಅನ್ನಕ್ಕೆ ನಿಂಬೆ ಹಿಂಡ್ತೇವೆ" ಎನ್ನುವವರೇ ಜಾಸ್ತಿ. ಅರ್ಧ ನಿಂಬೆಯ ರಸದಲ್ಲಿ ಸಿಗುವುದು ಹತ್ತು ಮಿಲಿಗ್ರಾಂ ಆಸುಪಾಸು. ಅದನ್ನೂ ಕುದಿಯುವ ಸಾರಿಗೆ ಹಿಂಡಿದರೆ ಇನ್ನೂ ಕಮ್ಮಿ. ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಹಿಂಡಿ. ಹೆಸರು ನಿಂಬೆಯದು, ಕೆಲಸ ಪೇರಳೆಯದು. ಹಿತ್ತಿಲಿನ ಒಂದು ಪೇರಳೆ ಹಣ್ಣು ಎರಡು ದಿನಕ್ಕೆ ಬೇಕಾದಷ್ಟನ್ನು ಒಂದೇ ಸಲ ಕೊಡುತ್ತದೆ. ನೆಲ್ಲಿಕಾಯಿಯೂ ಹಾಗೆಯೇ. ಬೇಯಿಸದೆ ಅರೆದು ತಂಬುಳಿ ಮಾಡಿ. ಗೇರುಹಣ್ಣಿನಲ್ಲಂತೂ ಕಿತ್ತಳೆಯ ನಾಲ್ಕು ಪಟ್ಟಿಗೂ ಹೆಚ್ಚು ಸಿ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಬೀಜ ತಿರುಚಿ ತೆಗೆದು ಹಣ್ಣನ್ನು ಗುಡ್ಡೆಯಲ್ಲೇ ಬಿಸಾಡುತ್ತೇವೆ. ಆಮೇಲೆ ಮಾತ್ರೆ ಕೊಳ್ಳುತ್ತೇವೆ. ಗಂಟಲು ಕೆರೆಯುತ್ತದೆ ಅನ್ನುವವರು ಹೋಳು ಮಾಡಿ ಉಪ್ಪು ಹಾಕಿ ಸ್ವಲ್ಪ ಹೊತ್ತು ಇಟ್ಟು ತಿನ್ನಿ.

ನಡುವೆ ಒಂದು ಮಾತು, ಕಾಲು ಸೂಪಿನ ಬಗ್ಗೆ. ಆಡಿನ ಕಾಲು ಕುದಿಸಿ ಫ್ರಿಜ್ಜಿನಲ್ಲಿಟ್ಟರೆ ಜೆಲ್ಲಿಯ ಹಾಗೆ ಕಟ್ಟುತ್ತದೆ. ಅದು ಕೊಲಾಜನ್ ಬೆಂದು ಆದ ಜೆಲಾಟಿನ್. ತಿನ್ನುವವರು ಖುಷಿಯಿಂದ ಕುಡಿಯಿರಿ, ಕರಿಮೆಣಸು ಜಾಸ್ತಿ ಇರಲಿ. ಒಂದು ಬಟ್ಟಲಲ್ಲಿ ಎಷ್ಟು ಇಳಿದಿದೆ ಅನ್ನುವುದು ಕಾಲು, ನೀರು, ಹೊತ್ತು ನೋಡಿ ಬದಲಾಗುತ್ತದೆ. ಹಾಗಾಗಿ ಮದ್ದು ಎಂದುಕೊಳ್ಳಬೇಡಿ. ಪೇಟೆಯಲ್ಲಿ ಪೊಟ್ಟಣದ ಸೂಪು ಪುಡಿ ಸಿಗುತ್ತದೆ. ಕೊಂಡರೆ ಮೊದಲು ಉಪ್ಪಿನ ಲೆಕ್ಕ ಓದಿ.

ಹೆಜ್ಜೆ 5: ಇರುವ ಕೊಲಾಜನ್ ಹಾಳುಮಾಡಬೇಡಿ. ಬೀಡಿ, ಸಿಗರೇಟು ಬಿಡಿ. ಅಂಗಳದಲ್ಲಿ ಅಡಿಕೆ ಹರಡುವಾಗ ತಲೆಗೆ ಮುಟ್ಟಾಳೆ, ಮೈಗೆ ಉದ್ದ ತೋಳು ಇರಲಿ. ಚರ್ಮದ ಕೊಲಾಜನ್ ಕಡಿಯುವುದರಲ್ಲಿ ಬಿಸಿಲಿಗಿಂತ ಮುಂದೆ ಯಾವುದೂ ಇಲ್ಲ.

ಹೆಜ್ಜೆ 6: ಇಷ್ಟಾದ ಮೇಲೂ ಡಬ್ಬಿ ಬೇಕು ಅನ್ನಿಸಿದರೆ

ಮೂರು ತಿಂಗಳು ಊಟ ಸರಿಮಾಡಿಕೊಂಡ ಮೇಲೆ ಮಾತ್ರ. ಪುಡಿಯಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುವುದಿಲ್ಲ. ದಿನಕ್ಕೆ 2.5ರಿಂದ 10 ಗ್ರಾಂ, 8ರಿಂದ 12 ವಾರ ಕೊಟ್ಟು ನೋಡಿದ ಹಲವು ಪ್ರಯೋಗಗಳಲ್ಲಿ ಚರ್ಮದ ಪಸೆ ಸ್ವಲ್ಪ ಹೆಚ್ಚಿದೆ. ಕೆಲವರ ಮೊಣಕಾಲು ನೋವು ಸ್ವಲ್ಪ ಇಳಿದಿದೆ. ಆದರೆ ದುಡ್ಡು ಹಾಕಿದವರು ಯಾರು ಎಂದೂ ನೋಡಬೇಕಲ್ವಾ? ಚರ್ಮದ ಬಗೆಗಿನ 23 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಮರ್ಶೆ 2025ರಲ್ಲಿ ಬಂತು. ಕಂಪನಿಗಳ ದುಡ್ಡಿಲ್ಲದೆ ನಡೆದ ಪ್ರಯೋಗಗಳನ್ನು ಬೇರೆ ಮಾಡಿದಾಗ ಲಾಭ ಕಾಣಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2011ರಲ್ಲೇ, ಕೀಲಿಗೆ ಒಳ್ಳೆಯದು ಎಂಬ ಮಾತಿಗೆ ಆಧಾರ ಸಾಲದು ಎಂದಿತ್ತು.

ತೆಗೆದುಕೊಳ್ಳುವುದೇ ಆದರೆ ಬೇರೇನೂ ಬೆರೆಸದ, ಪರಿಮಳ ಇಲ್ಲದ ಪುಡಿ ತೆಗೆದುಕೊಳ್ಳಿ. ಚಪ್ಪರಿಸುವ ಗಮ್ಮಿ ಬೇಡ, ಹಲವುಗಳಲ್ಲಿ ಕೊಲಾಜನ್‌ಗಿಂತ ಸಕ್ಕರೆ ಜಾಸ್ತಿ. ಮೀನು ಅಲರ್ಜಿ ಇದ್ದವರಿಗೆ ಮೆರೈನ್ ಆಗದು. ಮೂತ್ರಪಿಂಡದ ತೊಂದರೆ ಇದ್ದವರು, ಹಿಂದೆ ಕಲ್ಲು ಆದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕೊಲಾಜನ್ ಒಡೆದಾಗ ಆಕ್ಸಲೇಟ್ ಹುಟ್ಟುತ್ತದೆ, ಕಲ್ಲಿಗೆ ಅದೇ ಸಾಮಾನು. ಬಯೋಟಿನ್ ಸೇರಿದ ಡಬ್ಬಿಯಾದರೆ ಥೈರಾಯ್ಡ್ ರಕ್ತ ಪರೀಕ್ಷೆಗೆ ಹೋಗುವ ಮೊದಲೇ ಹೇಳಿ. ಬಯೋಟಿನ್‌ನಿಂದ ರಿಪೋರ್ಟು ತಪ್ಪಾಗಿ ಬರಬಹುದು.

ಮೊದಲ ದಿನ ಒಂದು ಫೋಟೋ ತೆಗೆಯಿರಿ. ಅದೇ ಕಿಟಕಿ, ಅದೇ ಹೊತ್ತು, ಪೌಡರ್ ಇಲ್ಲದೆ. ಹನ್ನೆರಡು ವಾರ ಕಳೆದು ಇನ್ನೊಂದು. ಎರಡನ್ನೂ ಮನೆಯವರಿಗೆ ತೋರಿಸಿ, ಯಾವುದು ಮೊದಲಿನದು ಎಂದು ಕೇಳಿ. ಹೇಳಲು ಆಗದಿದ್ದರೆ ಎರಡನೇ ಡಬ್ಬಿ ಬೇಡ.

ಮತ್ತೆ, ನಮ್ಮ ಮಳೆಗಾಲದಲ್ಲಿ ಈ ಪುಡಿ ತೆರೆದಿಟ್ಟರೆ ಗಾಳಿಯ ನೀರನ್ನೆಲ್ಲ ಹೀರುತ್ತದೆ. ಒಣ ಚಮಚವನ್ನೇ ಬಳಸಿ, ಮುಚ್ಚಳ ಬಿಗಿ ಮಾಡಿ. ಅತ್ತಿಗೆ ಮೀನು ಎಂದು ಗೊತ್ತಾದ ದಿನ ಡಬ್ಬಿಯನ್ನು ಮುಚ್ಚಳ ಸರಿಯಾಗಿ ಹಾಕದೆ ಹೊರಗಿನ ಅಟ್ಟಕ್ಕೆ ತಳ್ಳಿದ್ದರು. ಮಳೆಗಾಲದ ಆಟಿ ತಿಂಗಳಲ್ಲಿ ಇಳಿಸಿ ನೋಡಿದರೆ ಚಮಚ ಒಳಗೆ ನಿಂತೇ ಇತ್ತು, ಅಲ್ಲಾಡಲಿಲ್ಲ. ಚಮಚ ಬೆಳ್ಳಿಯದು, ಬಿಸಾಡುವ ಹಾಗಿಲ್ಲ. ಕತ್ತಿಯ ಹಿಂಬದಿಯಿಂದ ಕುಟ್ಟಿ ತೆಗೆಯಲು ಅಣ್ಣನಿಗೆ ಅರ್ಧ ಗಂಟೆ ಹಿಡಿಯಿತು.