ಎಡಪುಟ, ಬಲಪುಟ: ದೇವರ ಮೇಲೆ ಭಾರ ಹಾಕಲು ನಾನು ಕಲಿತದ್ದು

‘ದೇವರ ಮೇಲೆ ಭಾರ ಹಾಕು’ ಅನ್ನುವ ಮಾತನ್ನು ಸಂಡೇ ಸ್ಕೂಲಿನಿಂದ ಕೇಳುತ್ತಾ ಬಂದವನು ನಾನು. ನೀವೂ ಅಷ್ಟೇ ಅಲ್ವಾ? ಆದರೆ ಹಾಕುವುದು ಹೇಗೆ ಅಂತ ನನಗೆ ಗೊತ್ತಾಗಿದ್ದು ನಲವತ್ತೆಂಟು ದಾಟಿದ ಮೇಲೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಕೊನೆಯ ಸಾಲ ತೀರಿತು. ಅದು ತೀರುವುದಿಲ್ಲ ಅಂದವರು ಬಹಳ ಜನ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರಿನಲ್ಲಿ ನನ್ನದೊಂದು ಸಣ್ಣ ಬೇಕರಿ. ಬ್ರೆಡ್, ಬನ್, ರಸ್ಕ್, ಡಿಸೆಂಬರ್ ಬಂದರೆ ಕೇಕ್. ಹೊಸ ಓವನ್‌ಗೆ ಮಾಡಿದ ಸಾಲ, ಒಂದು ಚೀಟಿಯಲ್ಲಿ ಹೋದ ದುಡ್ಡು, ಅದನ್ನು ಮುಚ್ಚಲು ತಂದ ಕೈಸಾಲ, ಎಲ್ಲಾ ಸೇರಿ ಸುಮಾರು ಹನ್ನೊಂದು ಲಕ್ಷ ಆಗಿತ್ತು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಮನೆಯಲ್ಲಿ ಹೆಂಡತಿಗೆ ನಾನು ಹೇಳಿದ್ದು ಆರು ಲಕ್ಷ ಅಂತ.

ಮೊದಲು ಏನೇನು ಮಾಡಿ ಸೋತೆ ಅಂತ ಹೇಳುತ್ತೇನೆ. ಸುಮಾರು ಮೂರು ತಿಂಗಳು ದಿನಾ ಬೆಳಗಿನ ಜಾವ ಎರಡಕ್ಕೆ ಎದ್ದು ಪ್ರಾರ್ಥನೆ ಮಾಡಿದೆ. ಬೇಕರಿಯವನಿಗೆ ಎರಡಕ್ಕೆ ಏಳುವುದು ಕಷ್ಟವಲ್ಲ. ಆದರೆ ಅದು ಪ್ರಾರ್ಥನೆಯೇ ಆಗಿರಲಿಲ್ಲ. ‘ಹದಿನೈದನೇ ತಾರೀಕಿನೊಳಗೆ ಎರಡು ಲಕ್ಷ ಬೇಕು, ಇಂಥವರಿಂದ ಕೊಡಿಸು’ ಅಂತ ದೇವರಿಗೆ ಆರ್ಡರ್ ಕೊಡುತ್ತಿದ್ದೆ. ಆಮೇಲೆ ಶುಕ್ರವಾರದ ಉಪವಾಸ ಹಿಡಿದೆ. ಅದರಿಂದ ಮನಸ್ಸು ಸ್ವಲ್ಪ ತಿಳಿಯಾಯಿತು, ಸುಳ್ಳು ಹೇಳಲಾರೆ. ಆದರೆ ಒಂದು ದಿನ ಗೆಳೆಯನೊಬ್ಬ ಚಹಾ ಕೊಟ್ಟಾಗ, ‘ನಂದು ಉಪವಾಸ’ ಅಂತ ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಹೇಳಿದ ಮೇಲೆ ನನಗೇ ಹೇಸಿಗೆಯಾಯಿತು. ಅವತ್ತೇ ನಿಲ್ಲಿಸಿದೆ.

ಬೈಬಲಿನ ಗಿದ್ಯೋನ ಕಣದಲ್ಲಿ ಉಣ್ಣೆ ಹಾಸಿ, ಅದು ಮಾತ್ರ ಮಂಜಿನಿಂದ ನೆನೆಯಲಿ ಅಂತ ದೇವರ ಹತ್ತಿರ ಗುರುತು ಕೇಳಿದನಲ್ಲ, ಹಾಗೆ ಗುರುತು ಕೇಳುವುದನ್ನೂ ಮಾಡಿ ನೋಡಿದೆ. ‘ನಾಳೆ ಒಂಬತ್ತರೊಳಗೆ ಹೊಸ ಅಂಗಡಿಯವರು ಫೋನ್ ಮಾಡಿದರೆ ಸ್ಲೈಸಿಂಗ್ ಮೆಷಿನ್ ತಗೊಳ್ಳುತ್ತೇನೆ’ ಅಂತ. ಫೋನ್ ಬಂತು, ಮೆಷಿನ್ ತಂದೆ. ಆ ಅಂಗಡಿಯವರು ಎರಡೇ ತಿಂಗಳಿಗೆ ಬ್ರೆಡ್ ನಿಲ್ಲಿಸಿದರು. ಎಂಬತ್ತು ಸಾವಿರದ ಹತ್ತಿರ ಸಿಕ್ಕಿಹಾಕಿಕೊಂಡಿತು. ಗಿದ್ಯೋನನಿಗೆ ದೇವರ ಮಾತು ಮೊದಲೇ ಬಂದಿತ್ತು. ನನಗೆ ಬಂದಿದ್ದು ಮೆಷಿನ್ ಮೇಲಿನ ಆಸೆ ಮಾತ್ರ.

ದಾರಿ ಸಿಕ್ಕಿದ್ದು ಅಮ್ಮನಿಂದ. ಅಮ್ಮನಿಗೆ ಆಗ ಎಂಬತ್ತರ ಹತ್ತಿರ, ಕಣ್ಣು ಮಂಜು. ಸಂಜೆ ನಾನೇ ಸತ್ಯವೇದ, ಅಂದರೆ ಬೈಬಲ್, ಓದಿ ಹೇಳುತ್ತಿದ್ದೆ. ಒಂದು ಸಂಜೆ ಪೇತ್ರನ ಮೊದಲನೆಯ ಪತ್ರಿಕೆಯ 5ನೇ ಅಧ್ಯಾಯ ತೆಗೆದು, ನನಗೆ ಬಾಯಿಪಾಠವಿದ್ದ 7ನೇ ವಚನ ಓದಿದೆ. ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿ ಅನ್ನುವ ಮಾತು. ಅಮ್ಮ, ‘ಮೇಲಿಂದ ಓದು ಮಗಾ’ ಅಂದರು. ಮೇಲೆ 6ನೇ ವಚನ: ದೇವರ ಕೈ ಕೆಳಗೆ ನಿಮ್ಮನ್ನು ತಗ್ಗಿಸಿಕೊಳ್ಳಿ, ತಕ್ಕ ಕಾಲದಲ್ಲಿ ಆತನು ನಿಮ್ಮನ್ನು ಮೇಲಕ್ಕೆ ತರುವನು. ನಲವತ್ತು ವರ್ಷ ಏಳನ್ನೇ ಹಿಡಿದುಕೊಂಡು ಆರನ್ನು ಬಿಟ್ಟಿದ್ದೆ. ತಗ್ಗದೆ ತಲೆಹೊರೆ ಇಳಿಸಲು ಆಗುತ್ತದೆಯೇ? ಮೈದಾ ಮೂಟೆ ಹೊತ್ತವರನ್ನು ನೋಡಿ, ಮೊಣಕಾಲು ಬಗ್ಗಿಸಿಯೇ ಇಳಿಸುತ್ತಾರೆ.

ಮಾರನೇ ದಿನ ಉದ್ದನೆಯ ಲೆಕ್ಕದ ಪುಸ್ತಕ ತಂದೆ. ಅರವತ್ತೋ ಎಪ್ಪತ್ತೋ ರೂಪಾಯಿ. ಎಡಪುಟದಲ್ಲಿ ನಾಳೆ ನಾನು ಮಾಡಬೇಕಾದದ್ದು. ಬಲಪುಟದಲ್ಲಿ ನನ್ನ ಕೈಯಲ್ಲಿ ಇಲ್ಲದ್ದು. ಬಲಪುಟವನ್ನು ಜೋರಾಗಿ ಓದಿ, ಪ್ರಾರ್ಥನೆ ಮಾಡಿ, ಮುಚ್ಚಿಡುವುದು. ಶನಿವಾರ ರಾತ್ರಿಯವರೆಗೆ ಹಿಂದಿನ ಬಲಪುಟ ತಿರುವಿ ನೋಡುವ ಹಾಗಿಲ್ಲ. ಬಲಪುಟದಲ್ಲಿ ತಾರೀಕು ಬರೆಯುವ ಹಾಗಿಲ್ಲ, ಇಂಥವರ ಕೈಯಿಂದಲೇ ಆಗಬೇಕು ಅಂತಲೂ ಬರೆಯುವ ಹಾಗಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದು ಮುಗಿಸುತ್ತೇನೆ. ಆ ಸಾಲು ಏನು ಅಂತ ಹೇಳುವುದಿಲ್ಲ, ನಿಮ್ಮದು ನಿಮಗೇ ಸಿಗುತ್ತದೆ.

ಮೊದಲ ರಾತ್ರಿ ಎಡಪುಟಕ್ಕೆ ಬಂದ ಮೊದಲ ಕೆಲಸ: ‘ಹೆಂಡತಿಗೆ ನಿಜ ಹೇಳುವುದು.’ ಬೇಕರಿಯಲ್ಲಿ ಹಿಟ್ಟು ನಾದಿ ಮುಚ್ಚಿಟ್ಟಿದ್ದೆವು. ಅವಳು ಟ್ರೇಗಳಿಗೆ ಎಣ್ಣೆ ಸವರುತ್ತಿದ್ದಳು. ‘ಆರಲ್ಲ, ಹನ್ನೊಂದು’ ಅಂದೆ. ಅವಳ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ‘ನಂಗೆ ಗೊತ್ತಿತ್ತು ರೀ, ನೀವೇ ಹೇಳ್ಲಿ ಅಂತ ಇದ್ದೆ’ ಅಂದಳು. ಮತ್ತೆ ಎಣ್ಣೆ ಸವರಲು ಶುರು ಮಾಡಿದಳು. ನಾನು ಗೋಡೆ ಕಡೆ ತಿರುಗಿ ಅತ್ತೆ.

ಮೈದಾ ಕೊಡುವವರ ಹತ್ತಿರವೂ ಹೋದೆ. ಲಕ್ಷದ ಮೇಲೆ ಬಾಕಿ ಇತ್ತು. ಮೊದಲೆಲ್ಲ ಅವರ ಅಂಗಡಿ ಇರುವ ರಸ್ತೆಯನ್ನೇ ತಪ್ಪಿಸುತ್ತಿದ್ದೆ. ವಾರಕ್ಕೆ ಮೂರು ಸಾವಿರ ಕೊಡುತ್ತೇನೆ, ಅದಕ್ಕಿಂತ ಆಗಲ್ಲ ಅಂತ ಕೈಮುಗಿದೆ. ಒಪ್ಪಿದರು. ಕೈಸಾಲ ಕೊಟ್ಟವರಲ್ಲಿ ಒಬ್ಬರು ಬಡ್ಡಿಯನ್ನು ನೂರಕ್ಕೆ ಒಂದೂವರೆಗೆ ಇಳಿಸಿದರು, ಇನ್ನೊಬ್ಬರು ಬೈದು ಕಳಿಸಿದರು.

ನನ್ನ ಅಕ್ಕನ ಗಂಡ, ಭಾವ, ಆಗ ಹೇಳಿದ್ದು: ‘ಪುಸ್ತಕದಲ್ಲಿ ಬರೆದರೆ ಸಾಲ ತೀರುತ್ತಾ? ಜಾಗ ಮಾರು.’ ಪ್ರಾರ್ಥನಾ ಕೂಟದ ಕೆಲವರದ್ದು ಇನ್ನೊಂದು ತಕರಾರು. ಎಡಪುಟ ಇಟ್ಟಿರುವುದೇ ಅವಿಶ್ವಾಸವಂತೆ, ನಂಬಿದವನು ಸುಮ್ನೆ ಇರಬೇಕಂತೆ. ನಮ್ಮ ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಶುರು ಮಾಡಿದ ಕೆಲಸ ಅದು. ಕ್ರೈಸ್ತರಾದವರಿಗೆ ಜಾತಿಯ ಕಸುಬು ತಪ್ಪಿ ಹೊಟ್ಟೆಪಾಡಿಗೆ ತೊಂದರೆಯಾದಾಗ, ಪ್ರಾರ್ಥನೆ ಮಾಡಿ ಅಂತ ಹೇಳಿ ಅವರು ಕೈಕಟ್ಟಿ ಕೂರಲಿಲ್ಲ. ಮಗ್ಗ ಹಾಕಿದರು, ಹಂಚು ಸುಟ್ಟರು. ಕೂಟದಲ್ಲಿ ಇದನ್ನು ಹೇಳಿದೆ. ಆಮೇಲೆ ಯಾರೂ ಮಾತಾಡಲಿಲ್ಲ.

ದುಡ್ಡು ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ನನ್ನ ಭಯದಿಂದಲೇ ಬಂತು! ದಿನಕ್ಕೆ ಸುಮಾರು ಆರುನೂರು ಪ್ಯಾಕೆಟ್ ಬ್ರೆಡ್ ಹಾಕುತ್ತಿದ್ದೆ. ಅದರಲ್ಲಿ ತೊಂಬತ್ತು ಪ್ಯಾಕೆಟ್‌ನಷ್ಟು ಮಾರಾಟವಾಗದೆ ರಿಟರ್ನ್ ಬರುತ್ತಿತ್ತು. ಅಂಗಡಿಯ ಕಪಾಟಿನಲ್ಲಿ ಜಾಗ ಖಾಲಿ ಕಂಡರೆ ಬೇರೆ ಬೇಕರಿಯವರು ನುಗ್ಗುತ್ತಾರೆ ಅನ್ನುವ ಹೆದರಿಕೆಗೆ ಜಾಸ್ತಿ ಹಾಕುತ್ತಿದ್ದೆ. ಬಲಪುಟದಲ್ಲಿ ‘ಕಪಾಟಿನ ಜಾಗ’ ಅಂತ ಬರೆದು ದೇವರಿಗೆ ಬಿಟ್ಟ ಮೇಲೆ, ಬೇಕಾದಷ್ಟೇ ಸುಡುವ ಧೈರ್ಯ ಬಂತು. ಮರುಭೂಮಿಯಲ್ಲಿ ದೇವರು ಇಸ್ರಾಯೇಲ್ಯರಿಗೆ ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ನಾಳೆಗೆ ಅಂತ ಕೂಡಿಟ್ಟಾಗ ಅದಕ್ಕೆ ಹುಳ ಬಿದ್ದ ಕಥೆ ನಿಮಗೆ ಗೊತ್ತೇ ಇದೆ. ನನ್ನ ಮನೆಯಲ್ಲಿ ಅದು ಬೂಷ್ಟು ಹಿಡಿದ ಬ್ರೆಡ್ಡಾಗಿ ಬರುತ್ತಿತ್ತು. ನಾಲ್ಕೈದು ತಿಂಗಳಲ್ಲಿ ರಿಟರ್ನ್ ಇಪ್ಪತ್ತೈದಕ್ಕೆ ಇಳಿಯಿತು. ಯಾವ ಅಂಗಡಿಗೆ ಯಾವ ದಿನ ಎಷ್ಟು ಅಂತ ನಾನು ಲೆಕ್ಕ ಹಾಕುವ ರೀತಿ ನನ್ನ ಬಳಿಯೇ ಇರಲಿ, ಅದರಲ್ಲಿ ನನ್ನ ಹೊಟ್ಟೆಪಾಡಿದೆ. ಪ್ಯಾಕೆಟ್‌ಗೆ ಇಪ್ಪತ್ತೆರಡು ರೂಪಾಯಿ ಹಿಡಿದರೂ ತಿಂಗಳಿಗೆ ಮೂವತ್ತೈದು ಸಾವಿರದ ಮೇಲೆ ಉಳಿಯಿತು. ಮೂರು ವರ್ಷ ಅದೇ ದುಡ್ಡು ಸಾಲಕ್ಕೆ ಹೋಯಿತು. ಎರಡು ಅಂಗಡಿ ಕೈತಪ್ಪಿದವು, ಅದೂ ನಿಜ.

ಬಲಪುಟದಲ್ಲಿ ಇಲ್ಲಿಯವರೆಗೆ ನಾನೂರರ ಹತ್ತಿರ ಸಾಲುಗಳಿರಬಹುದು. ನಾನು ಬೇಡಿದ ಹಾಗೇ ಆದದ್ದು ಮೂರರಲ್ಲಿ ಒಂದು ಪಾಲು. ಬೇರೆ ರೀತಿಯಲ್ಲಿ ಆದದ್ದು ಅದಕ್ಕಿಂತ ಜಾಸ್ತಿ. ಅಮ್ಮನ ಕಣ್ಣಿಗಾಗಿ ಬಹಳ ಸಲ ಬರೆದಿದ್ದೆ. ಆಪರೇಷನ್ ಮಾಡಿಸಿಯೂ ದೃಷ್ಟಿ ಬರಲಿಲ್ಲ, ಹಾಗೆಯೇ ತೀರಿಕೊಂಡರು. ಆ ಸಾಲಿನ ಮುಂದೆ ನಾನು ಏನೂ ಬರೆದಿಲ್ಲ. ಆದರೆ ಅಮ್ಮನಿಗೆ ಕಣ್ಣು ಕಾಣದಿದ್ದುದರಿಂದಲೇ ಅಲ್ವಾ, ನಾನು ದಿನಾ ಸಂಜೆ ಪಕ್ಕದಲ್ಲಿ ಕೂತು ಓದಿದ್ದು.

ಹೋದ ತಿಂಗಳು ಭಾವ ಬೇಕರಿಗೆ ಬಂದಿದ್ದರು. ಎರಡು ಬನ್ ತಿಂದು, ಚಹಾ ಕುಡಿದು, ತುಂಬ ಹೊತ್ತು ಅದೂ ಇದೂ ಮಾತಾಡಿ, ಹೊರಡುವಾಗ ಮೆಲ್ಲಗೆ ಕೇಳಿದರು, ‘ಆ ಪುಸ್ತಕ ಎಲ್ಲಿ ತಗೊಂಡೆ?’ ಒಂದು ಹೆಚ್ಚಿಗೆ ತಂದಿಟ್ಟಿದ್ದೆ, ಕೊಟ್ಟೆ. ‘ಬರೆಯುವ ಮೊದಲು ಅಕ್ಕನ ಹತ್ತಿರ ಮಾತಾಡಿ ಭಾವ’ ಅಂದೆ. ತಲೆಯಾಡಿಸಿ ಪುಸ್ತಕವನ್ನು ಬ್ರೆಡ್ ಪ್ಯಾಕೆಟ್ ಜೊತೆ ಚೀಲಕ್ಕೆ ಹಾಕಿಕೊಂಡರು. ಅವತ್ತು ರಾತ್ರಿ ನನ್ನ ಬಲಪುಟದಲ್ಲಿ ಅವರ ಹೆಸರು ಬರೆದೆ.