ಕುಪ್ಯ ಹೊಲಿಯುವ ಕೈಯಲ್ಲಿ ಚೀನಾದ ನಿಲುವಂಗಿ

ವಿರಾಜಪೇಟೆಯಲ್ಲಿ ನನ್ನದು ಟೈಲರ್ ಅಂಗಡಿ. ಮದುವೆ ಸೀಸನ್‌ನಲ್ಲಿ ಕೊಡವ ಗಂಡಸರು ತೊಡುವ ಉದ್ದ ಕೋಟು, ಅಂದರೆ ಕುಪ್ಯ ಬಿಟ್ಟರೆ ಬೇರೆ ಕೆಲಸವೇ ಇಲ್ಲ. ಹೋದ ವರ್ಷ ಕಾಲೇಜು ಹುಡುಗನೊಬ್ಬ ಬಂದ. ನಾಟಕದಲ್ಲಿ ಅವನದು ಕಲ್ಲಿಕೋಟೆಗೆ ಕಾಳುಮೆಣಸು ಕೊಳ್ಳಲು ಬಂದ ಚೀನಾ ವ್ಯಾಪಾರಿಯ ಪಾರ್ಟು. ಚೀನಾದ ಮಿಂಗ್ ರಾಜವಂಶದ ಕಾಲದ, ಅಂದರೆ 1368ರಿಂದ 1644ರ ನಡುವಿನ ರೇಷ್ಮೆ ನಿಲುವಂಗಿ ಬೇಕಂತೆ.

ಬಟ್ಟೆ ಆರಿಸುವುದರಲ್ಲೇ ಅರ್ಧ ಕೆಲಸ. ಬೈಲುಕುಪ್ಪೆಯಲ್ಲಿ ಮಿರಮಿರ ಮಿಂಚುವ ಬ್ರೊಕೇಡ್ ಸಿಗುತ್ತದೆ, ಆಸೆ ಪಡಬೇಡಿ. ಮಿಂಗ್ ಚಕ್ರವರ್ತಿಯ 1381ರ ಅಪ್ಪಣೆಯಂತೆ ವ್ಯಾಪಾರಿಗೆ ಸಾದಾ ನೇಯ್ಗೆಯ ರೇಷ್ಮೆ, ಇಲ್ಲವೇ ಮಾಮೂಲಿ ಬಟ್ಟೆ ಅಷ್ಟೇ. ರೈತ ಅದಕ್ಕಿಂತ ಒಳ್ಳೆಯ ರೇಷ್ಮೆ ತೊಡಬಹುದಿತ್ತು! ನಮ್ಮ ಕಾಫಿ ತೋಟದವರಿಗೆ ಹೇಳಿದರೆ ಖುಷಿಪಡುತ್ತಾರೆ. ಹಳದಿಯೂ ಬೇಡ, ಡ್ರ್ಯಾಗನ್ನೂ ಬೇಡ. ಅವೆಲ್ಲ ಅರಮನೆಗೆ. ಅಂಚಿಲ್ಲದ ನೀಲಿ ಅಥವಾ ಬೂದು ಬಣ್ಣದ ರೇಷ್ಮೆ ತನ್ನಿ.

ಕತ್ತರಿ ಹಿಡಿಯುವಾಗ ಶರ್ಟಿನ ಅಭ್ಯಾಸ ಮರೆಯಿರಿ. ಕಂಕುಳ ಸುತ್ತ ಹೊಲಿಗೆ ಇಲ್ಲ, ಭುಜದ ಮೇಲೂ ಇಲ್ಲ. ಬಟ್ಟೆಯನ್ನು ಹೆಗಲ ಮೇಲೆ ಮಡಚಿ, ಮೈ ತೋಳು ಒಂದೇ ತುಂಡಿನಲ್ಲಿ ಕತ್ತರಿಸುವುದು. ಹೊಲಿಗೆ ಬರುವುದು ಬೆನ್ನಿನ ನಟ್ಟನಡುವೆ. ಆಗಿನ ಮಗ್ಗದ ಬಟ್ಟೆ ಕಿರಿದು, ತೋಳಿಗೆ ಬೇರೆ ತುಂಡು ಸೇರಿಸುತ್ತಿದ್ದರು. ನಿಮಗೆ 44 ಇಂಚಿನ ಪನ್ನ, ಅಂದರೆ ಅಷ್ಟು ಅಗಲದ ಬಟ್ಟೆ ಸಿಕ್ಕರೆ ಆ ಕೆಲಸ ತಪ್ಪಿತು. ಹೆಗಲಿಂದ ಹಿಮ್ಮಡಿಗೆ 54 ಇಂಚಾದರೆ, 108 ಇಂಚಿನ ಎರಡು ತುಂಡು ಬೇಕು. ಮುಂದಿನ ಅಡ್ಡ ಭಾಗ, ಕೊರಳಪಟ್ಟಿ, ಪಕ್ಕದ ನೆರಿಗೆ ಸೇರಿ 8 ಮೀಟರ್ ತರಿಸಿ. ಸುಮಾರು ಒಂದೂವರೆ ಸೀರೆ.

ಗುಂಡಿ ಹಾಕಬೇಡಿ. ಎಡಭಾಗ ಬಲದ ಮೇಲೆ ಬಂದು, ಬಲಗಂಕುಳ ಕೆಳಗೆ ಲಾಡಿಯಿಂದ ಕಟ್ಟಬೇಕು. ನಮ್ಮ ಗಂಡಸರ ಶರ್ಟೂ ಹಾಗೇ ಅಲ್ವಾ? ಆದರೂ ನಾನು ಎಡವಿದೆ. ಹುಡುಗ ತೋರಿಸಿದ್ದು ಯಾರದೋ ಸೆಲ್ಫಿ, ಎಡಬಲ ತಿರುಗಿತ್ತು. ಅದನ್ನೇ ನೋಡಿ ಹೊಲಿದೆ. ಚೀನಾದಲ್ಲಿ ಬಲಭಾಗ ಮೇಲೆ ಬರುವಂತೆ ತೊಡಿಸುವುದು ಹೆಣಕ್ಕೆ ಅಂತ ಆಮೇಲೆ ತಿಳಿಯಿತು. ರಾತ್ರಿಯೆಲ್ಲಾ ಕೂತು ಬಿಚ್ಚಿದೆ.

ಕೊರಳಪಟ್ಟಿಯ ಮೇಲೆ ಬಿಳಿ ಪಟ್ಟಿಯೊಂದನ್ನು ಕೈಹೊಲಿಗೆಯಲ್ಲಿ ಸಡಿಲವಾಗಿ ಕೂರಿಸಿ. ಮಿಂಗ್ ಕಾಲದವರೂ ಹಾಗೇ ಮಾಡುತ್ತಿದ್ದರು. ಬೆವರಾದರೆ ಅದೊಂದನ್ನೇ ಬಿಚ್ಚಿ ಒಗೆಯಬಹುದು. ಇಸ್ತ್ರಿ ಒಳಮಗ್ಗುಲಿಗೆ, ಕಡಿಮೆ ಬಿಸಿಯಲ್ಲಿ. ಮತ್ತೆ ನಮ್ಮೂರ ಮಳೆಗಾಲದಲ್ಲಿ ಗುಂಡುಸೂಜಿಯನ್ನು ರೇಷ್ಮೆಯಲ್ಲೇ ಬಿಟ್ಟು ಮಲಗಬೇಡಿ. ಆ ನಿಲುವಂಗಿಯ ಎಡತೋಳಲ್ಲಿ ಎರಡು ತುಕ್ಕಿನ ಚುಕ್ಕೆ ಇನ್ನೂ ಇವೆ.